ಹನ್ನೊಂದು ಡಾಲರಿನ ಹತ್ತರಿ

ಮಹೋನ್ ಬೇಯಲ್ಲಿ, ತೀರಿಕೊಂಡ ಯಾರದೋ ಗ್ಯಾರೇಜಿನಲ್ಲಿ,
ತುಕ್ಕು ಮೊಳೆ ತುಂಬಿದ ಬಿಸ್ಕತ್ತಿನ ಡಬ್ಬಿಯ ಜೊತೆ
ಹನ್ನೊಂದು ಡಾಲರಿಗೆ ಕೊಂಡೆ.
ಡಬ್ಬಿ ಬೇಡವೆಂದರೂ ಬಿಡಲಿಲ್ಲ.
ಹಿಡಿ ಸೀಳಿತ್ತು. ಯಾರೋ ತಾಮ್ರದ ತಂತಿ ಸುತ್ತಿ ಬಿಗಿದಿದ್ದರು,
ಮುರಿದ ಕಾಲಿಗೆ ದಬ್ಬೆ ಕಟ್ಟಿದ ಹಾಗೆ.

ಫೆಬ್ರವರಿ. ಕೊಲ್ಲಿಯ ಅಂಚು ಹೆಪ್ಪುಗಟ್ಟಿದೆ.
ಶೆಡ್ಡಿನಲ್ಲಿ ಬೋರಲು ಮಲಗಿದೆ ಡೋರಿ ದೋಣಿ,
ಅದರ ಮೂರನೆಯ ಹಲಗೆ ನನ್ನ ಬೆಂಚಿನ ಮೇಲೆ.
ಹತ್ತರಿ ಇಟ್ಟೆ, ತಳ್ಳಿದೆ.
ಟರಟರಟರ.
ಪೈನ್ ಮರದ ಮೇಲೆ ಅಲೆ ಅಲೆ, ಹಲ್ಲು ಕಡಿದ ಗುರುತು.
ಇನ್ನೊಮ್ಮೆ ತಳ್ಳಿದರೆ ಬಾಯಿಗೆ ಸುರುಳಿ ಸಿಕ್ಕಿ
ಉಸಿರೇ ಕಟ್ಟಿತು ಅದಕ್ಕೆ.

ಒಲೆಯ ಪಕ್ಕ ಒರಿಸ್ ಝ್ವಿಕರ್.
ಎಂಬತ್ತೊಂದು ವರ್ಷ, ಎಂಟು ಬೆರಳು.
ಒಣ ಕಡಲಪಾಚಿ ಜಗಿಯುತ್ತಾ, ಕಣ್ಣು ಬಿಡದೆ ಕೇಳಿದ:
'ವರ್ನಾ, ಅದು ಕಿರ್ ಅಂತಾ, ಟರ್ ಅಂತಾ?'
ಟರ್, ಅಂದೆ.
'ಹಾಗಾದರೆ ಎಲ್ಲೋ ಸಡಿಲ. ಕಿರ್ ಅಂದಿದ್ದರೆ ಮೊಂಡು.'

ಬಿಚ್ಚಿದೆ. ಹಳೆಯ ಪತ್ರಿಕೆಯ ಮೇಲೆ ಒಂದೊಂದೇ ಇಟ್ಟೆ:
ಮುಚ್ಚಳ, ಮೇಲುತಗಡು, ಅಲಗು,
ಅಲಗು ಒರಗುವ ಇಳಿಜಾರಿನ ತುಂಡು.
ಅದಕ್ಕಿಲ್ಲಿ ಕಪ್ಪೆ ಅನ್ನುತ್ತಾರೆ. ಯಾಕೆಂದರೆ
'ಕೂತಿರೋ ಚಂದ ನೋಡು' ಅನ್ನುತ್ತಾರೆ.
ಮೇಲುತಗಡನ್ನು ಅಲಗಿಗೆ ಜೋಡಿಸಿ ಕಿಟಕಿಗೆ ಹಿಡಿದೆ.
ನಡುವೆ ಕೂದಲೆಳೆಯಷ್ಟು ಬೆಳಕು.
ಅದೇ ಸಂದಿಗೆ ನುಗ್ಗಿ ಮಡಚಿಕೊಳ್ಳುತ್ತಿತ್ತು ಸುರುಳಿ.
ಸಾಣೆಗೆ ಎಣ್ಣೆ ಬಿಟ್ಟು ತೇಯ್ದೆ, ಹಿಡಿದೆ, ತೇಯ್ದೆ,
ಬೆಳಕು ಮುಚ್ಚುವವರೆಗೆ.

ಹಿತ್ತಾಳೆಯ ಚಕ್ರ
ಮುಕ್ಕಾಲು ಸುತ್ತು ಸುಮ್ಮನೆ ತಿರುಗಿ
ಆಮೇಲೆ ಕೆಲಸಕ್ಕೆ ಬರುತ್ತದೆ.
'ಅದಕ್ಕೆ ಮದ್ದಿಲ್ಲ. ನಮ್ಮ ಪಾದ್ರಿಯೂ ಹಾಗೇ' ಅಂದ ಒರಿಸ್.
'ಕೊನೆಯ ತಿರುವು ಮಾತ್ರ ಮುಂದಕ್ಕೇ ಇರಲಿ.'
ಅಂದವನೇ ಟ್ರಕ್ಕಿನಲ್ಲಿ ಬಿಟ್ಟ ಕೈಗವಸು ತರಲು ಹೋದ.

ಆಗ ಕಂಡಿತು, ಕಪ್ಪೆಯ ಬೆನ್ನಿಗೆ ಅಂಟಿದ ಕಾಗದ.
ಎಣ್ಣೆ ಕುಡಿದು ಕಂದು ತಿರುಗಿತ್ತು.
ಅಲಗಿನ ಅಗಲಕ್ಕೆ ಸರಿಯಾಗಿ ಕತ್ತರಿಸಿ, ಎರಡು ಮಡಿಕೆ.
ಯಾವನೋ ಅರೆಗೆಲಸದವನು, ಅಂದುಕೊಂಡೆ.
ಒಲೆಗೆ ಎಸೆದೆ.
ಸುರುಟುವಾಗ ಒಳಮಡಿಕೆ ತೆರೆದು
ಪೆನ್ಸಿಲಿನ ಒಂದು ಸಾಲು ಹೊಳೆಯಿತು.
ಓದುವಷ್ಟರಲ್ಲಿ ಇರಲಿಲ್ಲ.

ಮತ್ತೆ ಜೋಡಿಸಿದೆ. ಬಿಗಿದೆ. ತಳ್ಳಿದೆ.
ಟರಟರ ನಿಂತಿತ್ತು, ನಿಜ.
ಆದರೆ ಗಂಟಿನ ಬಳಿ ಎಳೆ ತಿರುಗಿದಲ್ಲಿ
ಮರ ಕಿತ್ತುಬಂತು, ಹೆರೆ ಮಾಡದ ಗಾಯದಷ್ಟು ಆಳ.

ಒರಿಸ್ ಬಂದ. ಕನ್ನಡಕ ಏರಿಸಲಿಲ್ಲ.
ಹತ್ತರಿಯ ಬಾಯೊಳಗೆ ಹೆಬ್ಬೆರಳ ಉಗುರು ಆಡಿಸಿದ.
'ಬಾಯನ್ನು ಯಾರೋ ಅರ ಹಾಕಿ ಅಗಲ ಮಾಡಿದ್ದಾರೆ.
ಕಪ್ಪೆಯನ್ನು ಮುಂದೆ ಸರಿಸೋಣ ಅಂದರೆ
ಸ್ಕ್ರೂವಿನ ತಲೆಯೇ ಹಾರಿದೆ.
ಅಲಗಿನ ಕೆಳಗೆ ಏನೋ ಇದ್ದಿರಬೇಕಲ್ಲ?'

ನಾನು ಒಲೆಯ ಕಡೆ ನೋಡಿದೆ.
ಅವನೂ ನೋಡಿದ.
ಕಡಲಪಾಚಿಯ ಪೊಟ್ಟಣ ಚಾಚಿದ: 'ತಗೋ, ಉಪ್ಪಾಗಿದೆ.'

ಚಹಾ ಪೊಟ್ಟಣದ ರಟ್ಟು ಕತ್ತರಿಸಿದೆ. ದಪ್ಪವಾಯಿತು.
ಕಡಲುಬ್ಬರದ ವೇಳಾಪಟ್ಟಿಯ ಜನವರಿ ಹಾಳೆ, ಎರಡು ಮಡಿಕೆ:
ಸರಿಯಾಯಿತು.
ಮಡಿಸುವ ಮೊದಲು ಪೆನ್ಸಿಲಿನಲ್ಲಿ ಬರೆದೆ,
ಇದನ್ನು ತೆಗೆಯಬೇಡಿ.
ಬರೆದ ಮೇಲೆ ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

ಈಗ ಸರ್ ಅನ್ನುತ್ತದೆ.
ಹಲಗೆಯ ಈ ತುದಿಯಿಂದ ಆ ತುದಿಗೆ ಒಂದೇ ಸುರುಳಿ,
ಅದರಾಚೆ ಒರಿಸನ ಎಂಟು ಬೆರಳು ಕಾಣುವಷ್ಟು ತೆಳು.
ಎಡಮೂಲೆ ಮಾತ್ರ ಇನ್ನೂ ಒಂದು ಗೆರೆ ಬಿಡುತ್ತದೆ.
ತಳದಲ್ಲಿ ಎಲ್ಲೋ ಸವೆತ. ಹುಡುಕಬೇಕು.
ಇವತ್ತಲ್ಲ. ಕತ್ತಲಾಯಿತು,
ಗೆರೆಯ ಮೇಲೆ ಹೇಗೂ ಬಣ್ಣ ಬರುತ್ತದೆ.